ನಡುನೀರಿನಲ್ಲಿ ಅಂಗಡಿಯಿಲ್ಲ

ಹೋದ ಭಾನುವಾರ ಬೆಳಿಗ್ಗೆ ಕಾಫಿಯ ಲೋಟ ಇನ್ನೂ ಕೈಯಲ್ಲಿರುವಾಗಲೇ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. ಈಗ ಆತ ಬೆಂಗಳೂರಿನ ಸಾಫ್ಟ್‌ವೇರು ಕಚೇರಿಯೊಂದರಲ್ಲಿ ದೊಡ್ಡ ಸಂಬಳದ ಮನುಷ್ಯ. ನನ್ನ ತರಗತಿಯಲ್ಲಿದ್ದಾಗ ಹಳಗನ್ನಡ ಪದ್ಯದ ಅನ್ವಯ ಹೇಳೆಂದರೆ ಕಿಟಕಿಯ ಹೊರಗೆ ನೋಡುತ್ತಿದ್ದವನು, ಅಂದು ಮಾತ್ರ ಜೇಬಿನಿಂದ ನಾಲ್ಕು ಪುಟದ ಪಟ್ಟಿಯೊಂದನ್ನು ತೆಗೆದು, ಪರೀಕ್ಷೆಗೆ ಕುಳಿತವನ ವಿನಯದಿಂದ ನನ್ನ ಮುಂದೆ ಹರಡಿದ. ಬರುವ ಫೆಬ್ರವರಿಯಲ್ಲಿ ಆತನೂ ಆತನ ಹೆಂಡತಿಯೂ ಮಾಲ್ಡೀವ್ಸ್ ದ್ವೀಪಗಳಿಗೆ ಹೋಗಿ, ಏಳು ರಾತ್ರಿ ನೌಕೆಯ ಮೇಲೆಯೇ ವಾಸಮಾಡಿ, ಹಗಲು ಮೂರು ಹೊತ್ತೂ ಸಮುದ್ರದೊಳಗೆ ಮುಳುಗಿ ಬರುವುದೆಂದು ನಿಶ್ಚಯಿಸಿದ್ದಾರೆ. ಪಟ್ಟಿ ಕೊಂಡೊಯ್ಯತಕ್ಕ ಸಾಮಾನಿನದು. “ಏನಾದರೂ ಬಿಟ್ಟುಹೋಗಿದೆಯೇ ನೋಡಿ ಸಾರ್” ಎಂದ.

ಕನ್ನಡ ಮೇಷ್ಟರಿಗೂ ಸಮುದ್ರದ ತಳಕ್ಕೂ ಏನು ಸಂಬಂಧವೆಂದು ವಾಚಕರು ಹುಬ್ಬೇರಿಸಬಹುದು. ನನ್ನ ಮನೆಯವರು ಈ ಪ್ರಶ್ನೆಯನ್ನು ಆರು ವರ್ಷದಿಂದ ಕೇಳುತ್ತಿದ್ದಾರೆ. ಅಂಡಮಾನಿನ ಸ್ವರಾಜ್ ದ್ವೀಪಕ್ಕೆ ಪ್ರವಾಸ ಹೋದವನು ಅಲ್ಲಿ ಕುತೂಹಲಕ್ಕೆಂದು ಬೆನ್ನಿಗೆ ಸಿಲಿಂಡರು ಕಟ್ಟಿಸಿಕೊಂಡೆ. ಅಂದಿನಿಂದ ಈ ಗೀಳು ಬಿಟ್ಟಿಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿಯ ನೀರನ್ನು ಹಲವು ಸಲ ಕಂಡಿದ್ದೇನೆ. ಮೂರು ವರ್ಷದ ಹಿಂದೆ, ಭವಿಷ್ಯನಿಧಿಯ ಕಡೆಗೆ ಹೋಗಬೇಕಾಗಿದ್ದ ದುಡ್ಡಿನಲ್ಲಿ, ಮಾಲ್ಡೀವ್ಸಿನ ನೌಕೆಯನ್ನೂ ಹತ್ತಿ ಬಂದೆ. ಆದಕಾರಣ ಈ ವಾರದ ಅಂಕಣ ಸ್ವಲ್ಪ ಒದ್ದೆಯಾಗಿರುತ್ತದೆ.

ಬೆನ್ನಿನ ಸಿಲಿಂಡರಿನಲ್ಲಿ ಇರುವುದು ಆಮ್ಲಜನಕವೆಂದು ಪತ್ರಿಕೆಗಳು ಬರೆಯುವುದುಂಟು. ಅದು ಹಾಗಲ್ಲ, ನಾವು ನೀವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಆ ಗಾಳಿಯನ್ನು ಬೇಕಾದಾಗ, ಬೇಕಾದಷ್ಟೇ, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಬಾಯಿಗೆ ಕೊಡುವ ಯಂತ್ರವೇ ರೆಗ್ಯುಲೇಟರು. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಝಾಕ್ ಕುಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾ ಇದನ್ನು ಸಿದ್ಧಪಡಿಸಿದರು. ಯುದ್ಧಕಾಲದ ಪೆಟ್ರೋಲಿನ ಬರಗಾಲದಲ್ಲಿ ಮೋಟಾರುಗಳನ್ನು ಅನಿಲದಿಂದ ಓಡಿಸಲು ಗಾನ್ಯಾ ಮಾಡಿದ್ದ ಕವಾಟವೇ ಇದರ ಮೂಲ. ಮೋಟಾರಿಗೆ ಹುಟ್ಟಿದ್ದು ಮನುಷ್ಯನ ಪುಪ್ಪುಸಕ್ಕೆ ಒದಗಿತು.

ಮಾಲ್ಡೀವ್ಸಿನಲ್ಲಿ ಇಂಥ ನೌಕೆಯನ್ನು ಸಫಾರಿ ನೌಕೆ ಎನ್ನುತ್ತಾರೆ. ಊಟ, ನಿದ್ರೆ, ಹರಟೆ ಎಲ್ಲವೂ ದೊಡ್ಡ ನೌಕೆಯಲ್ಲಿ. ಸಿಲಿಂಡರುಗಳೂ ಗಾಳಿ ತುಂಬುವ ಯಂತ್ರವೂ ಜೊತೆಗೆ ಬರುವ ಚಿಕ್ಕ ನಾವೆಯೊಂದರಲ್ಲಿ. ಮುಳುಗುವ ಜಾಗಕ್ಕೆ ಕರೆದೊಯ್ಯುವುದೂ ಅದೇ. ಅದರ ಹೆಸರನ್ನು ಕೇಳಿದಾಗ ನಾನು ಕುಳಿತಲ್ಲಿಂದ ಎದ್ದುಬಿಟ್ಟೆ. ಅವರೂ ಅದನ್ನು ‘ದೋನಿ’ ಎಂದೇ ಕರೆಯುತ್ತಾರೆ! ನಮ್ಮ ದೋಣಿಗೂ ಅವರ ದೋನಿಗೂ ಯಾವ ಕಾಲದ ನಂಟೋ, ಸಂಸ್ಕೃತದ ದ್ರೋಣಿ ಯಾರ ಅಜ್ಜಿಯೋ, ಆ ಜಗಳವನ್ನು ತರಗತಿಗೆ ಬಿಡುತ್ತೇನೆ. ಹವಳದ ದ್ವೀಪಮಾಲೆಗೆ ಪ್ರಪಂಚವೆಲ್ಲ ಹೇಳುವ ‘ಅಟಾಲ್’ ಎಂಬ ಮಾತು ಕೂಡ ಅವರ ದಿವೇಹಿ ಭಾಷೆಯ ‘ಅತೊಳು’ವಿನಿಂದ ಹೊರಟದ್ದು. ನೀರಿನೊಳಗೆ ಮುಳುಗಿರುವ ಗುಡ್ಡ ‘ತಿಲ’, ಎರಡು ದಿಬ್ಬಗಳ ನಡುವೆ ಸಾಗರವು ಒಳನುಗ್ಗುವ ಕಾಲುವೆ ‘ಕಂಡು’. ಈ ಎರಡು ಪದಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತವೆ.

ನೇತ್ರಾಣಿಗೂ ಇದಕ್ಕೂ ಇರುವ ಅಂತರ ಇಷ್ಟೆ. ನೇತ್ರಾಣಿಯಲ್ಲಿ ಪಾದದ ಪಟ್ಟಿ ಕಿತ್ತುಹೋದರೆ ಸಂಜೆ ದಡಕ್ಕೆ ಬಂದು ಹೊಲಿಸಬಹುದು, ನೆಗಡಿಯಾದರೆ ಔಷಧದ ಅಂಗಡಿಗೆ ನಡೆದುಹೋಗಬಹುದು, ಮನಸ್ಸಿಲ್ಲದಿದ್ದರೆ ಮನೆಗೆ ಬರಬಹುದು. ಸಫಾರಿ ನೌಕೆಯಲ್ಲಿ ಈ ಮೂರೂ ಇಲ್ಲ. ಅದರ ಮೇಲೆ ನಾಲ್ಕನೆಯದೊಂದು ಸೇರಿಕೊಳ್ಳುತ್ತದೆ: ‘ಹಣ ಕಟ್ಟಿದ್ದೇನೆ’ ಎಂಬ ಯೋಚನೆ. ಶಿಷ್ಯನ ನಾಲ್ಕು ಪುಟದಲ್ಲಿ ಕಾಣದಿದ್ದರೂ ಅವನ ಜೊತೆಗೆ ತಪ್ಪದೆ ಹೊರಡುವ ಸಾಮಾನು ಅದೊಂದೇ ಎಂದು ನನಗೆ ಗೊತ್ತಿತ್ತು.

ಪಟ್ಟಿಯನ್ನು ಓದಿದೆ. ಮೂರು ಬಗೆಯ ಕ್ಯಾಮೆರಾ, ಆಕಾಶದಲ್ಲಿ ಹಾರಿಸುವ ಡ್ರೋನು, ಆರು ಜೊತೆ ಸಂಜೆಯ ಉಡುಪು. ಸಂಜೆಯ ಹೊತ್ತು ನೌಕೆಯಲ್ಲಿ ಎಲ್ಲರೂ ಬರಿಗಾಲಿನಲ್ಲಿ ಒಂದೇ ಒದ್ದೆ ಪಂಚೆಯಂಥ ಬಟ್ಟೆಯಲ್ಲಿರುತ್ತಾರೆ. ಉಡುಪಿನ ಸಾಲನ್ನು ಹೊಡೆದುಹಾಕಿದೆ. ಗಟ್ಟಿ ಪೆಟ್ಟಿಗೆಯನ್ನೂ ಹೊಡೆದೆ. ನೌಕೆಯ ಕೋಣೆಯಲ್ಲಿ ಪೆಟ್ಟಿಗೆ ಇಟ್ಟರೆ ಮನುಷ್ಯ ಹೊರಗೆ ಮಲಗಬೇಕು. ಮಡಚಿ ಮಂಚದ ಕೆಳಗೆ ತುರುಕಬಹುದಾದ ಚೀಲವೇ ಸರಿ. ಸೀಸದ ತೂಕವನ್ನೂ ಸಿಲಿಂಡರನ್ನೂ ನೌಕೆಯವರೇ ಕೊಡುತ್ತಾರೆ. ಮುಖಗವಸು, ರೆಗ್ಯುಲೇಟರು, ಕೈಗೆ ಕಟ್ಟುವ ಡೈವ್ ಕಂಪ್ಯೂಟರು, ಈ ಮೂರು ಮಾತ್ರ ವಿಮಾನದಲ್ಲಿ ಕೈಚೀಲದಲ್ಲೇ ಇರಲಿ. ಸಾಮಾನಿನ ಚೀಲ ಬೇರೆ ದೇಶಕ್ಕೆ ಹೋದರೂ ಇವು ನಿಮ್ಮೊಂದಿಗಿರುತ್ತವೆ. ಬಿಡಿ ಲಿಥಿಯಂ ಬ್ಯಾಟರಿಗಳನ್ನಂತೂ ಕೈಚೀಲದಲ್ಲೇ ಒಯ್ಯಬೇಕೆಂದು ವಿಮಾನದ ನಿಯಮವೇ ಇದೆ.

ಮುಖಗವಸಿನ ವಿಷಯಕ್ಕೆ ಬಂದಾಗ ಶಿಷ್ಯನ ಮುಖವನ್ನೇ ನೋಡಿದೆ. ಸೊಂಪಾದ ಮೀಸೆ! ಪಟ್ಟಿ ಹಾಕದೆ ಗವಸನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದರೆ, ಕೈಬಿಟ್ಟರೂ ಅದು ಅಂಟಿಕೊಂಡು ನಿಲ್ಲಬೇಕು. ನಿಂತರೆ ಅದು ನಿಮ್ಮದು; ಬೀಳುವುದಾದರೆ ಎಷ್ಟು ಬೆಲೆಯದಾದರೂ ನಿಮ್ಮದಲ್ಲ. ಮೀಸೆಯ ಕೂದಲಿನ ಸಂದಿಯಿಂದ ನೀರು ಜಿನುಗುತ್ತದೆ. ಮೂಗಿನ ಕೆಳಗೆ ಒಂದು ಗೆರೆಯಷ್ಟು ಕ್ಷೌರ ಮಾಡಿಸಿಕೊಂಡರೆ ಸಾಕು, ಪೌರುಷಕ್ಕೆ ಕುಂದಿಲ್ಲ. ನಾನೂ ಹಾಗೆಯೇ ಮಾಡಿದ್ದೇನೆ. ಹೊಸ ಗವಸಿನ ಗಾಜಿನ ಮೇಲೆ ಕಾರ್ಖಾನೆಯ ಜಿಡ್ಡು ಕುಳಿತಿರುತ್ತದೆ. ಮನೆಯಲ್ಲೇ ಹಲ್ಲುಜ್ಜುವ ಪೇಸ್ಟು ಹಚ್ಚಿ ಮೂರು ನಾಲ್ಕು ಸಲ ತಿಕ್ಕಿ ತೊಳೆಯದಿದ್ದರೆ ನೀರಿನೊಳಗೆ ಮಂಜು ಕವಿದು, ಶಾರ್ಕಿಗೂ ನಿಮ್ಮ ಹೆಂಡತಿಗೂ ಭೇದ ತಿಳಿಯುವುದಿಲ್ಲ. ಹಳೆಯದೊಂದು ಗವಸು ಚೀಲದ ಮೂಲೆಯಲ್ಲಿ ಇದ್ದೇ ಇರಲಿ.

ರೆಗ್ಯುಲೇಟರನ್ನು ವರ್ಷಕ್ಕೊಮ್ಮೆ ಬಿಚ್ಚಿಸಿ ಶುಚಿಮಾಡಿಸುವುದು ಸಾಮಾನ್ಯವಾದ ಕ್ರಮ. ಶಿಷ್ಯನು ಹೊರಡುವ ಹಿಂದಿನ ದಿನ ಅದನ್ನು ಮಾಡಿಸುವವನಿದ್ದ. ಇದು ತಪ್ಪು. ರಿಪೇರಿಯಿಂದ ಬಂದ ಯಂತ್ರ ಮೊದಲ ದಿನವೇ ಮುನಿಸಿಕೊಳ್ಳುವುದು ಗಡಿಯಾರಕ್ಕೂ ಹೊಲಿಗೆಯಂತ್ರಕ್ಕೂ ಉಂಟು, ಇದಕ್ಕೂ ಉಂಟು. ಒಂದು ತಿಂಗಳು ಮೊದಲೇ ಮಾಡಿಸಿ, ಈಜುಕೊಳದಲ್ಲಿ ಒಂದು ಗಂಟೆ ಉಸಿರಾಡಿ ನೋಡಬೇಕು. ಸಿಲಿಂಡರಿಗೆ ಅದನ್ನು ಕೂಡಿಸುವ ಬಾಯಿಯಲ್ಲಿ ಎರಡು ಜಾತಿ: ಹಿಡಿಕೆಯಿಂದ ಬಿಗಿಯುವ ಯೋಕ್, ತಿರುಪಿನಿಂದ ಕೂರುವ ಡಿನ್. ನೌಕೆಯ ಸಿಲಿಂಡರು ಯಾವ ಜಾತಿಯದೆಂದು ಕಾಗದ ಬರೆದು ಕೇಳಿ, ಬೇಕಾದರೆ ಜೋಡಣೆಯ ತುಂಡನ್ನು ಒಯ್ಯಬೇಕು. ಇನ್ನು ಆ ಬಾಯಿಯಲ್ಲಿ ಕೂರುವ ರಬ್ಬರಿನ ಉಂಗುರ. ನಮ್ಮ ಕುಕ್ಕರಿನ ಗ್ಯಾಸ್ಕೆಟ್ಟಿನ ಕಿರಿಯ ತಮ್ಮ. ಅದು ಸೀಳಿದರೆ ಲಕ್ಷ ರೂಪಾಯಿಯ ಪ್ರವಾಸ ಸುಯ್ಯೆಂದು ನೊರೆಯಾಗಿ ಹೋಗುತ್ತದೆ. ಹತ್ತು ಉಂಗುರ, ಬಾಯಿಗೆ ಕಚ್ಚುವ ರಬ್ಬರಿನ ತುಂಡೊಂದು, ಅದನ್ನು ಬಿಗಿಯುವ ಪ್ಲಾಸ್ಟಿಕ್ ಪಟ್ಟಿ ನಾಲ್ಕು, ಈಜುಪಾದದ ಪಟ್ಟಿ ಒಂದು: ಇಷ್ಟನ್ನು ಹಳೆಯ ಸಾಬೂನುಪೆಟ್ಟಿಗೆಯಲ್ಲಿ ಹಾಕಿಕೊಂಡರೆ ನೌಕೆಯಲ್ಲಿ ಅವನೇ ಶ್ರೀಮಂತ.

ಕಂಪ್ಯೂಟರನ್ನು ದಂಪತಿಗಳು ಹಂಚಿಕೊಳ್ಳುವಂತಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಬೇಕು, ವಾರವಿಡೀ ಅದೇ ಇರಬೇಕು. ಒತ್ತಡದ ಗಾಳಿಯಲ್ಲಿರುವ ಸಾರಜನಕವು ಪ್ರತಿ ಮುಳುಗಿನಲ್ಲೂ ರಕ್ತಮಾಂಸದೊಳಗೆ ಕರಗುತ್ತದೆ; ಮೇಲೆ ಬಂದ ಮೇಲೆ ನಿಧಾನವಾಗಿ ಹೊರಡುತ್ತದೆ. ದಿನಕ್ಕೆ ಮೂರು ಸಲ ಮುಳುಗಿದರೆ ನಿನ್ನೆಯ ಬಾಕಿ ತೀರುವ ಮುನ್ನ ಇಂದಿನ ಸಾಲ ಸೇರುತ್ತದೆ. ಈ ಲೆಕ್ಕವನ್ನು ಇಟ್ಟಿರುವ ಶಾನುಭೋಗ ಆ ಕಂಪ್ಯೂಟರು. ನಡುವೆ ಶಾನುಭೋಗನನ್ನು ಬದಲಾಯಿಸಿದರೆ ಹೊಸಬನ ಖಾತೆಯಲ್ಲಿ ನೀವು ಸಾಲವೇ ಇಲ್ಲದ ಸಾಹುಕಾರರು.

ಪಟ್ಟಿಯಲ್ಲಿ ಕಾಣದೆ ಇದ್ದ ವಸ್ತು ಒಂದು: ಕಿತ್ತಳೆ ಬಣ್ಣದ, ಆಳೆತ್ತರದ, ಗಾಳಿ ಊದಿ ನಿಲ್ಲಿಸುವ ಕೊಳವೆ. ಮಾಲ್ಡೀವ್ಸಿನಲ್ಲಿ ಮುಳುಗುವುದೆಂದರೆ ಬಹುಮಟ್ಟಿಗೆ ಪ್ರವಾಹದೊಡನೆ ತೇಲಿಹೋಗುವುದು. ಇಳಿದಲ್ಲಿಯೇ ಏಳುವುದಿಲ್ಲ, ದೋನಿಯೇ ನಿಮ್ಮನ್ನು ಹುಡುಕಿ ಬರಬೇಕು. ನನ್ನ ಪ್ರವಾಸದ ಎರಡನೆಯ ದಿನ ತಿಲವೊಂದರ ಬಳಿ ನಾನೂ ನನ್ನ ಜೊತೆಗಾರನೂ ಗುಂಪಿನಿಂದ ಬೇರ್ಪಟ್ಟು ಮೇಲೆದ್ದೆವು. ದೋನಿ ಕಾಣುತ್ತಿತ್ತು, ಆದರೆ ಬಹು ದೂರದಲ್ಲಿ. ನಮ್ಮ ಬೆನ್ನ ಹಿಂದೆ ಸೂರ್ಯ. ಅಲೆಗಳ ನಡುವೆ ಮನುಷ್ಯನ ತಲೆ ಒಂದು ತೆಂಗಿನಕಾಯಿಗಿಂತ ದೊಡ್ಡದಾಗಿ ಕಾಣುವುದಿಲ್ಲ, ಆ ಸಮುದ್ರದಲ್ಲಿ ತೆಂಗಿನಕಾಯಿಗೇನೂ ಕೊರತೆಯಿಲ್ಲ. ಕೂಗಿದೆವು. ತರಗತಿಯ ಕೊನೆಯ ಬೆಂಚಿಗೆ ಮುಟ್ಟುವ ನನ್ನ ಕಂಠ ಹತ್ತು ಗಜವೂ ಹೋಗಲಿಲ್ಲ. ಕೊಳವೆಯನ್ನು ಊದಿ ನಿಲ್ಲಿಸಿದೆ; ಎರಡು ನಿಮಿಷದಲ್ಲಿ ದೋನಿಯ ಮೂತಿ ನಮ್ಮ ಕಡೆಗೆ ತಿರುಗಿತು. ಅದು ನನ್ನದಲ್ಲ, ಜೊತೆಗಾರನದು. ಈಗ ನನ್ನದೇ ಒಂದು ಇದೆ. ಜೊತೆಗೆ ಒಂದು ಸೀಟಿ, ಒಂದು ಪುಟ್ಟ ದೀಪ.

ಶಿಷ್ಯನು ಹೆಂಡತಿಯ ವಿಷಯವನ್ನು ಎತ್ತಿದ. ಆಕೆ ಇದುವರೆಗೆ ಮುಳುಗಿರುವುದು ಹನ್ನೆರಡು ಸಲ. ನೌಕೆಯವರ ಅರ್ಜಿಯಲ್ಲಿ ‘ಐವತ್ತು ಮುಳುಗಿನ ಅನುಭವ ಅಪೇಕ್ಷಣೀಯ’ ಎಂದಿದೆ. “ಐವತ್ತೆಂದೇ ಬರೆದುಬಿಡೋಣವೇ ಸಾರ್?” ಎಂದ. ಮಹಾರಾಯ, ಇದು ಹಾಜರಿ ಪುಸ್ತಕವಲ್ಲ! ಕಾಗದ ತೆಗೆದು ಲೆಕ್ಕ ಹಾಕಿ ತೋರಿಸಿದೆ. ಹನ್ನೆರಡು ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ, ಅಂದರೆ ಸುಮಾರು 2400 ಲೀಟರು. ಇದರಲ್ಲಿ 50 ಬಾರನ್ನು ಮುಟ್ಟದೆ ಕಾದಿಡಬೇಕು; ಉಳಿದದ್ದು 1800. ನೆಮ್ಮದಿಯಲ್ಲಿರುವ ಮುಳುಗುಗಾರನಿಗೆ ನೀರಿನ ಮೇಲೆ ನಿಮಿಷಕ್ಕೆ 20 ಲೀಟರು ಸಾಕೆನ್ನೋಣ. ಪ್ರತಿ 10 ಮೀಟರಿಗೆ ಒಂದು ವಾಯುಭಾರ ಏರುವುದರಿಂದ 20 ಮೀಟರಿನಲ್ಲಿ ಮೂರು ಪಾಲು, ಎಂದರೆ 60 ಲೀಟರು. ಅರ್ಧ ಗಂಟೆಗೆ ಗಾಳಿ ಮುಗಿಯಿತು. ಅದೇ ಮನುಷ್ಯ ಕಂಡುವಿನ ಪ್ರವಾಹದಲ್ಲಿ ಹೆದರಿ ಏದುಸಿರು ಬಿಟ್ಟರೆ ಈ ಅರ್ಧ ಗಂಟೆ ಕಾಲು ಗಂಟೆಯಾಗುತ್ತದೆ. ಅರ್ಜಿಯಲ್ಲಿ ಬರೆದ ಸುಳ್ಳನ್ನು ನೀರು ಓದುವುದಿಲ್ಲ. ಹನ್ನೆರಡನ್ನು ಹನ್ನೆರಡೆಂದೇ ಬರೆದು, ಶಾಂತವಾದ ಜಾಗಗಳಿಗೆ ಹೋಗುವ ಬೇರೆ ಮಾರ್ಗದ ನೌಕೆಯನ್ನು ಕೇಳುವುದು ಮೇಲು. ಅಲ್ಲದಿದ್ದರೆ ಕಂಡುವಿನ ದಿನ ಆಕೆ ಮೇಲೆ ಕುಳಿತು ಕಾದಂಬರಿ ಓದಲಿ. ಆಕೆಯೇ ಇದನ್ನು ಒಪ್ಪುವಳೆಂದು ನನ್ನ ಊಹೆ. ಒಪ್ಪದವನು ಇವನು, ಹಣ ಕಟ್ಟಿದವನು.

ಈ ಮಾತನ್ನು ಹೇಳುವ ಅಧಿಕಾರ ನನಗೆ ಹೇಗೆ ಬಂತೆಂಬುದನ್ನು ಅವನಿಗೆ ಹೇಳಿದೆ, ನಿಮಗೂ ಹೇಳುತ್ತೇನೆ. ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಮೂಗು ಕಟ್ಟಿತ್ತು. ಹಿಂದಿನ ರಾತ್ರಿ ಒದ್ದೆ ತಲೆಯಲ್ಲಿ ಗಾಳಿಗೆ ಕುಳಿತಿದ್ದೆ; ನೀರು ಬೆಚ್ಚಗಿದ್ದರೂ ದಿನಕ್ಕೆ ಮೂರು ಸಲ ಮುಳುಗಿದ ಮೈ ಮೂರನೆಯ ದಿನಕ್ಕೆ ಚಳಿ ಹಿಡಿಯುತ್ತದೆಂಬುದನ್ನು ತಿಳಿಯದೆ ತೆಳುವಾದ ಅಂಗಿಯನ್ನಷ್ಟೇ ಒಯ್ದಿದ್ದೆ. (ಮೂರು ಮಿಲಿಮೀಟರಿನ ಪೂರ್ಣ ತೋಳಿನ ರಬ್ಬರು ಉಡುಪನ್ನು ಮರೆಯಬೇಡಿ, ತಲೆ ಒರೆಸಿಕೊಳ್ಳುವ ಒಣ ಟವಲನ್ನೂ.) ಅಂದಿನದು ಕಂಡುವಿನ ಬಾಯಿ, ಬೂದುಶಾರ್ಕುಗಳು ಸಾಲಾಗಿ ನಿಲ್ಲುವ ಜಾಗ. ಮಾರ್ಗದರ್ಶಿ, ಮಾಲೆಯ ಕಡೆಯ ಸೌಮ್ಯ ಸ್ವಭಾವದ ಹುಡುಗ, “ಎಲ್ಲರ ಕಿವಿಯೂ ಸರಿಯೇ?” ಎಂದು ಕೇಳಿದ. ಎಲ್ಲರೊಡನೆ ನಾನೂ ತಲೆಯಾಡಿಸಿದೆ. ಒಂದು ಮುಳುಗಿಗೆ ಎಷ್ಟು ರೂಪಾಯಿ ಬಿತ್ತೆಂಬ ಭಾಗಾಕಾರ ಆಗ ನನ್ನ ತಲೆಯಲ್ಲಿ ನಡೆದಿತ್ತು.

ನೀರಿನ ಒತ್ತಡ ಕಿವಿಯ ತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿದರೆ ಗಂಟಲಿನಿಂದ ಕಿವಿಗೆ ಹೋಗುವ ನಾಳದಲ್ಲಿ ಗಾಳಿ ಹೊಕ್ಕು ಎರಡು ಕಡೆಯೂ ಸಮನಾಗುತ್ತದೆ. ನೆಗಡಿಯಲ್ಲಿ ಆ ನಾಳವೇ ಮುಚ್ಚಿರುತ್ತದೆ. ನಾಲ್ಕು ಮೀಟರಿನಲ್ಲಿ ಎಡಗಿವಿ ನೊಂದಿತು. ಏರಿ ಬಂದುಬಿಡಬೇಕಾಗಿತ್ತು. ಗುಂಪು ಕೆಳಗೆ ಇಳಿಯುತ್ತಿತ್ತು. ನಾನು ಬಲವಾಗಿ ಊದಿ ಇನ್ನೂ ಇಳಿದೆ. ಏನೋ ಹರಿದಂತಾಯಿತು. ನೋವು ಥಟ್ಟನೆ ನಿಂತಿತು. ಅದರ ಬದಲು ಸಮುದ್ರವೇ ತಲೆಕೆಳಗಾಗಿ ತಿರುಗಲಾರಂಭಿಸಿತು. ತಣ್ಣೀರು ನಡುಗಿವಿಗೆ ನುಗ್ಗಿದರೆ ಮೇಲು ಕೆಳಗು ತಿಳಿಯುವುದಿಲ್ಲ. ದಿಬ್ಬದ ಸತ್ತ ಹವಳವೊಂದನ್ನು ಅಪ್ಪಿ ಹಿಡಿದುಕೊಂಡಿದ್ದು ನೆನಪಿದೆ. ಮಾರ್ಗದರ್ಶಿ ನನ್ನ ತೋಳು ಹಿಡಿದು, ಕಣ್ಣಿಗೆ ಕಣ್ಣಿಟ್ಟು, ಮಗುವನ್ನು ಮೆಟ್ಟಿಲು ಹತ್ತಿಸುವಂತೆ ಮೇಲಕ್ಕೆ ತಂದ. ಶಾರ್ಕು ಕಾಣಲಿಲ್ಲ. ಉಳಿದ ದಿನಗಳನ್ನು ನೌಕೆಯ ಮಾಳಿಗೆಯಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಕಳೆದೆ. ಭಾಗಾಕಾರ ಮತ್ತೆ ಮಾಡಿ ನೋಡಿದರೆ ಉತ್ತರ ಬಹಳ ದುಬಾರಿಯಾಗಿತ್ತು.

ತಮಟೆ ತಾನಾಗಿಯೇ ಕೂಡಿಕೊಂಡಿತು. ಆದರೆ ಸುಮಾರು ಎರಡು ತಿಂಗಳು ಎಡಗಡೆಯ ಬೆಂಚಿನವರು ಕೇಳಿದ ಪ್ರಶ್ನೆ ನನಗೆ ಕೇಳುತ್ತಿರಲಿಲ್ಲ. ಹುಡುಗರು ಇದನ್ನು ಒಂದೇ ವಾರದಲ್ಲಿ ಪತ್ತೆಮಾಡಿ, ಹರಟೆ ಹೊಡೆಯುವವರೆಲ್ಲ ಎಡಕ್ಕೆ ಬಂದು ಕುಳಿತರು. ಪಾಠ ಹೇಳುವವನಿಗೆ ಕಿವಿಯೆಂದರೆ ಅರ್ಧ ಅನ್ನ. ಆ ದಿನಗಳಲ್ಲಿ ರಾತ್ರಿ ದಿಂಬಿಗೆ ಬಲಗಿವಿಯಿಟ್ಟು, ಎಡಗಿವಿಯಿಂದ ಗೋಡೆಗಡಿಯಾರದ ಟಿಕ್ ಟಿಕ್ ಕೇಳುವುದೇ ಎಂದು ಪರೀಕ್ಷಿಸಿಕೊಳ್ಳುತ್ತಿದ್ದುದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಶಿಷ್ಯನು ಸ್ವಲ್ಪ ಹೊತ್ತು ಸುಮ್ಮನಿದ್ದು, ನೆಗಡಿಯ ಮಾತ್ರೆ ನುಂಗಿ ಇಳಿದರೆ ಹೇಗೆಂದು ಕೇಳಿದ. ಆಳದಲ್ಲಿರುವಾಗ ಮಾತ್ರೆಯ ಬಲ ಇಳಿದರೆ ನಾಳ ಮತ್ತೆ ಮುಚ್ಚುತ್ತದೆ. ಒಳಗೆ ಹೊಕ್ಕ ಗಾಳಿ ಮೇಲೇರುವಾಗ ಹಿಗ್ಗಿ ಹೊರಡಲು ದಾರಿ ಕಾಣದೆ ಕಿವಿಯನ್ನು ಒಳಗಿನಿಂದ ಒಡೆಯುತ್ತದೆ. ಇಳಿಯದೆ ಇರಬಹುದು, ಏರದೆ ಇರುವಂತಿಲ್ಲ. ಮೂಗು ಕಟ್ಟಿದ ದಿನ ನೀರಿಲ್ಲ, ಅಷ್ಟೆ. ಹಡಗಿನ ತಲೆಸುತ್ತಿನ ಗುಳಿಗೆ ಬೇರೆ. ಅಟಾಲಿನೊಳಗೆ ನೀರು ಕೆರೆಯಂತಿದ್ದರೂ ಒಂದರಿಂದ ಒಂದಕ್ಕೆ ದಾಟುವಾಗ ಹೊಟ್ಟೆ ತೊಳಸುತ್ತದೆ. ಯಾವ ಗುಳಿಗೆ ಎಂದು ವೈದ್ಯರನ್ನು ಮೊದಲೇ ಕೇಳಿ, ದಾಟುವ ಮೊದಲೇ ನುಂಗಬೇಕು.

ಪಟ್ಟಿಯ ಕೊನೆಯ ಪುಟದಲ್ಲಿ ಕ್ಯಾಮೆರಾದ ಬ್ಯಾಟರಿಗಳನ್ನು ರಾತ್ರಿ ಕೋಣೆಯಲ್ಲಿ ಚಾರ್ಜು ಮಾಡಲು ಉದ್ದನೆಯ ತಂತಿಯೊಂದನ್ನು ಬರೆದಿದ್ದ. ಅದನ್ನು ಓದಿದಾಗ ನಾನು ಕ್ಯಾಲಿಫೋರ್ನಿಯಾದ ಕತೆ ಹೇಳಬೇಕಾಯಿತು. 2019ರ ಸೆಪ್ಟೆಂಬರ್ 2ರ ರಾತ್ರಿ ಮೂರು ಗಂಟೆಯ ಹೊತ್ತಿನಲ್ಲಿ ಸಾಂತಾಕ್ರೂಜ್ ದ್ವೀಪದ ಬಳಿ ಲಂಗರು ಹಾಕಿದ್ದ ‘ಕನ್ಸೆಪ್ಷನ್’ ಎಂಬ ಮುಳುಗುಗಾರರ ನೌಕೆ ಹೊತ್ತಿಕೊಂಡಿತು. ಕೆಳಗಿನ ಮಲಗುವ ಅಂಕಣದಲ್ಲಿದ್ದ 34 ಮಂದಿ, 33 ಪ್ರಯಾಣಿಕರು ಮತ್ತು ಒಬ್ಬ ಸಿಬ್ಬಂದಿ, ಹೊರಬರಲಿಲ್ಲ. ಹೊರಗೆ ಬರಲು ದಾರಿ ಎರಡಿದ್ದವು; ಆದರೆ ಎರಡೂ ಹೋಗಿ ಸೇರುತ್ತಿದ್ದುದು ಮೇಲಿನ ಒಂದೇ ಕೋಣೆಗೆ, ಬೆಂಕಿ ಇದ್ದದ್ದು ಅಲ್ಲಿಯೇ. ರಾತ್ರಿ ಎಚ್ಚರವಿದ್ದು ಸುತ್ತಬೇಕಾಗಿದ್ದ ಕಾವಲುಗಾರ ಇರಲಿಲ್ಲ. ಕಿಡಿ ಎಲ್ಲಿಂದ ಹುಟ್ಟಿತೆಂದು ತನಿಖೆಯ ಮಂಡಳಿ ಖಚಿತವಾಗಿ ಹೇಳಲಾಗಲಿಲ್ಲ. ಆ ಕೋಣೆಯಲ್ಲಿ ಫೋನು, ಬ್ಯಾಟರಿಗಳು ಚಾರ್ಜಿಗೆ ಇದ್ದವೆಂಬುದು ಮಾತ್ರ ಹೊರಬಿತ್ತು. ನೌಕೆಯ ಕಪ್ತಾನನಿಗೆ 2024ರಲ್ಲಿ ನಾಲ್ಕು ವರ್ಷ ಸೆರೆಯಾಯಿತು.

ನೌಕೆ ಹತ್ತಿದ ಸಂಜೆ ಸ್ವಾಗತದ ಪಾನಕ ಕುಡಿಯುವ ಮೊದಲೇ ಎರಡು ಕೆಲಸ ಮಾಡು ಎಂದೆ. ನಿನ್ನ ಕೋಣೆಯಿಂದ ಬಯಲಿಗೆ ಬರುವ ಎರಡು ದಾರಿಯನ್ನೂ ಕಾಲಿನಿಂದ ನಡೆದು ನೋಡು, ಅವೆರಡೂ ಒಂದೇ ಕಡೆ ಸೇರುತ್ತವೆಯೇ ಗಮನಿಸು. ಆಮೇಲೆ ಕಣ್ಣು ಮುಚ್ಚಿಕೊಂಡು ಒಮ್ಮೆ ನಡೆ, ಯಾರಾದರೂ ನಕ್ಕರೆ ನಗಲಿ. ಎರಡನೆಯದು, ರಾತ್ರಿ ಯಾರು ಎಚ್ಚರವಿರುತ್ತಾರೆಂದು ಹೆಸರು ಹಿಡಿದು ಕೇಳು. ಆಮ್ಲಜನಕದ ಪೆಟ್ಟಿಗೆ ಎಲ್ಲಿದೆ, ಹತ್ತಿರದ ಒತ್ತಡದ ಚಿಕಿತ್ಸೆಯ ಕೋಣೆ ಯಾವ ದ್ವೀಪದಲ್ಲಿದೆ ಎಂಬುದನ್ನೂ ಅದೇ ಉಸಿರಿನಲ್ಲಿ ಕೇಳಬಹುದು. ಒಳ್ಳೆಯ ನೌಕೆಯವರು ಇದಕ್ಕೆ ಬೇಸರಿಸುವುದಿಲ್ಲ. ಬೇಸರಿಸಿದರೆ ಅದೂ ಒಂದು ಉತ್ತರವೇ. ಬ್ಯಾಟರಿ ಚಾರ್ಜಾಗುವುದು ಹಗಲು, ಕಣ್ಣೆದುರಿಗೆ. ಉದ್ದನೆಯ ತಂತಿಯನ್ನು ಅವನೇ ಹೊಡೆದುಹಾಕಿದ.

ಎದ್ದು ಹೊರಡುವಾಗ ವಿಮಾನದ ಟಿಕೀಟನ್ನು ತೋರಿಸಿದ. ಕೊನೆಯ ದಿನ ಬೆಳಿಗ್ಗೆ ಒಂದು ಮುಳುಗು, ಮಧ್ಯಾಹ್ನವೇ ಬೆಂಗಳೂರಿಗೆ ವಿಮಾನ! ಒಂದು ಮುಳುಗನ್ನೂ ಕಳೆದುಕೊಳ್ಳದಂತೆ ಗೊತ್ತುಮಾಡಿದ್ದೇನೆಂದು ಅವನಿಗೆ ಹೆಮ್ಮೆ. ಮತ್ತೆ ಕೂರಿಸಿದೆ. ವಿಮಾನ ಏರಿದಂತೆ ಒಳಗಿನ ವಾಯುಭಾರ ಇಳಿಯುತ್ತದೆ. ಮೈಯಲ್ಲಿ ಉಳಿದಿರುವ ಸಾರಜನಕ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಯೇಳಬಹುದು, ಕೀಲಿನಲ್ಲಿ, ಬೆನ್ನುಹುರಿಯಲ್ಲಿ. ಹಲವು ದಿನ ಮುಳುಗಿದವರು ಕೊನೆಯ ಮುಳುಗಿನಿಂದ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದೆಂದು ಬಲ್ಲವರ ನಿಯಮ. ಪೂರ್ತಿ ಒಂದು ದಿನ ಬಿಟ್ಟರೆ ಇನ್ನೂ ಕ್ಷೇಮ. “ಟಿಕೀಟು ಬದಲಾಯಿಸಿದರೆ ದಂಡ ಬೀಳುತ್ತದೆ ಸಾರ್” ಎಂದ. ನಾನು ಏನೂ ಹೇಳದೆ ಎಡಗಿವಿಯನ್ನು ಮುಟ್ಟಿಕೊಂಡೆ.

ಬುಧವಾರ ರಾತ್ರಿ ಫೋನು ಮಾಡಿದ. ದಂಡ ಕಟ್ಟಿ ಟಿಕೀಟನ್ನು ಮರುದಿನದ ಸಂಜೆಗೆ ಹಾಕಿಸಿದ್ದಾನೆ. ಹೆಂಡತಿ ಕಂಡುವಿನ ದಿನಕ್ಕೆಂದು ಎರಡು ಕಾದಂಬರಿಗಳನ್ನು ಈಗಲೇ ಆರಿಸಿಟ್ಟಿದ್ದಾಳಂತೆ. ಮೀಸೆಯ ಬಗ್ಗೆ ಇನ್ನೂ ಯೋಚಿಸುತ್ತಿದ್ದಾನೆ. “ಆದರೆ ಮಾಲೆಯಲ್ಲಿ ಒಂದು ದಿನ ಪೂರ್ತಿ ಏನು ಮಾಡಲಿ ಸಾರ್?” ಎಂದು ಕೇಳಿದ. ಅಲ್ಲಿ 1658ರಲ್ಲಿ ಕಟ್ಟಿದ ಹಳೆಯ ಶುಕ್ರವಾರದ ಮಸೀದಿಯೊಂದಿದೆ. ಗೋಡೆಗಳೆಲ್ಲ ಸಮುದ್ರದಿಂದ ಕಡಿದು ತಂದ ಹವಳದ ಕಲ್ಲು, ಅದರ ಮೇಲೆ ಬಳ್ಳಿಯಂಥ ಕೆತ್ತನೆ. ಏಳು ದಿನ ಕೈ ಸೋಕಿಸದೆ ನೋಡಿಬಂದ ಹವಳವನ್ನು ಒಣನೆಲದ ಮೇಲೆ ನಿಂತು, ಹೊರಗಿನಿಂದಲೇ ಆದರೂ, ಸಾವಕಾಶವಾಗಿ ನೋಡಬಹುದು ಎಂದೆ. ಹೆಸರನ್ನು ಬರೆದುಕೊಳ್ಳುತ್ತೇನೆ, ತಡೆಯಿರಿ ಎಂದು ಪೆನ್ನು ಹುಡುಕಲು ಹೋದ.